ಕಿಡ್ನಿ ಕಾಯಿಲೆಯಲ್ಲಿ ಮೈ ಬಾತಾಗ: ಮನೆಯವರಿಗಾಗಿ ಹಂತ ಹಂತದ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಕುಮಟಾದ ಹತ್ತಿರ. ಆಯಿಗೆ, ಅಂದರೆ ಅಮ್ಮನಿಗೆ, ಕಿಡ್ನಿ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷವಾಯಿತು. ಮೊದಲ ವರ್ಷ ಪೂರ್ತಿ ನಾವು ಮಾಡಿದ್ದು ಒಂದೇ ಕೆಲಸ. ಸಂಜೆ ದೀಪ ಹಚ್ಚಿದ ಮೇಲೆ ಅವಳ ಕಾಲು ನೋಡುವುದು. ಬಾತಿದ್ದರೆ ಹೆದರುವುದು, ಇಳಿದಿದ್ದರೆ ಸಮಾಧಾನ ಪಡುವುದು. ನೀರು ಕುಡಿಯಬೇಡ ಅಂತ ಅವಳನ್ನು ಗದರಿದ್ದೂ ಇದೆ. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ. ಯಾಕೆಂದರೆ ನಾವು ಕಾವಲು ಕಾಯಬೇಕಿದ್ದದ್ದು ನೀರಿನ ಚೊಂಬನ್ನಲ್ಲ, ಉಪ್ಪಿನ ಮರಿಗೆಯನ್ನು. ಇನ್ನೊಂದು ವಿಷಯವೂ ಆಮೇಲೆ ತಿಳಿಯಿತು. ಕಾಲು ಬಾತಿದೆ ಅಂತ ಕಣ್ಣಿಗೆ ಕಾಣುವಷ್ಟರಲ್ಲಿ ಮೈಯಲ್ಲಿ ಎರಡು ಮೂರು ಲೀಟರ್ ನೀರು ಆಗಲೇ ಸೇರಿಕೊಂಡಿರುತ್ತದೆ. ಕಾಲು ತಡವಾಗಿ ಹೇಳುತ್ತದೆ. ತೂಕದ ಯಂತ್ರ ಮೊದಲೇ ಹೇಳುತ್ತದೆ.

ಈ ಆರು ವರ್ಷದಲ್ಲಿ ಡಾಕ್ಟರು, ಡಯಟೀಶಿಯನ್, ಡಯಾಲಿಸಿಸ್ ಘಟಕದ ಸಿಸ್ಟರ್‌ಗಳು ಕಲಿಸಿದ್ದನ್ನು, ಮನೆಯಲ್ಲಿ ಮಾಡಿ ನೋಡಿ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ರೋಗಿಗೆ ಎಷ್ಟು ಉಪ್ಪು, ಎಷ್ಟು ನೀರು, ಯಾವ ಮಾತ್ರೆ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರು ಹೇಳಿದ್ದನ್ನು ದಿನಾ ನಡೆಸುವುದು ಹೇಗೆ ಎಂಬುದಕ್ಕೆ ಈ ಬರಹ.

ಮೈಯಲ್ಲಿ ನೀರು ನಿಲ್ಲುವುದು ಯಾಕೆ

ನಮ್ಮ ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನಾವು ತಿಂದ ಉಪ್ಪಿನಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಹೊರಗೆ ಹಾಕಬೇಕು ಎಂದು ನೋಡಿಕೊಳ್ಳುವುದೂ ಕಿಡ್ನಿಯೇ. ಕಾಯಿಲೆ ಬಂದ ಕಿಡ್ನಿಗೆ ಈ ಕೆಲಸ ತುಂಬಾ ಕಷ್ಟ. ಹೊರಗೆ ಹೋಗಬೇಕಾದ ಉಪ್ಪು ಒಳಗೇ ಉಳಿಯುತ್ತದೆ.

ಉಪ್ಪು ಉಳಿದರೆ ನೀರೂ ಉಳಿಯಲೇಬೇಕು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ನೋಡಿರುತ್ತೀರಿ. ಅದರಲ್ಲಿ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಇರುತ್ತದೆ. ನಮ್ಮ ಮೈಯ ದ್ರವವೂ ಹೆಚ್ಚು ಕಡಿಮೆ ಅಷ್ಟೇ ಉಪ್ಪು. ಅಂದರೆ 9 ಗ್ರಾಂ ಉಪ್ಪು ಮೈಯಲ್ಲಿ ಉಳಿದರೆ, ಅದನ್ನು ತೆಳು ಮಾಡಲು ದೇಹ ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಾರಿಕೆ ಹುಟ್ಟುವುದೇ ಅದಕ್ಕೆ. ಉಪ್ಪು ಬಿಗಿ ಹಿಡಿಯದೆ ನೀರು ಮಾತ್ರ ಬಿಗಿ ಹಿಡಿದರೆ ರೋಗಿಗೆ ನರಕ. ಗಂಟಲು ಒಣಗುತ್ತದೆ, ಕದ್ದು ಕುಡಿಯುತ್ತಾರೆ, ನಾವು ಬಯ್ಯುತ್ತೇವೆ. ಅದು ಅವರ ತಪ್ಪೇ ಅಲ್ಲ.

ಇನ್ನೊಂದು ಕಾರಣವೂ ಇದೆ. ಕೆಲವರ ಕಿಡ್ನಿ ಪ್ರೋಟೀನನ್ನೂ ಸೋರಲು ಬಿಡುತ್ತದೆ. ಮೂತ್ರದಲ್ಲಿ ನೊರೆ ಬಂದು ಬೇಗ ಆರದಿದ್ದರೆ ಅದು ಇದರ ಗುರುತು ಆಗಿರಬಹುದು. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಅದು ಕಡಿಮೆಯಾದರೆ ನೀರು ಹೊರಗೆ ಜಿನುಗಿ ಮಾಂಸ, ಚರ್ಮದ ಸಂದಿಯಲ್ಲಿ ನಿಲ್ಲುತ್ತದೆ. ಇಂಥವರಿಗೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಜಾಸ್ತಿ ಊದಿರುತ್ತದೆ. ಹೊತ್ತು ಏರಿದ ಹಾಗೆ ಮುಖ ಇಳಿದು ಕಾಲಿಗೆ ಬರುತ್ತದೆ.

ಹಂತ 1: ಇದು ಕಿಡ್ನಿಯಿಂದ ಬಂದ ಬಾವು ಹೌದಾ?

ಕಿಡ್ನಿಯ ಬಾವು ಸಾಮಾನ್ಯವಾಗಿ ಎರಡೂ ಕಾಲಿಗೆ ಒಟ್ಟಿಗೆ ಬರುತ್ತದೆ. ನೋವಿರುವುದಿಲ್ಲ, ಬಿಸಿ ಇರುವುದಿಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದಿದ್ದರೆ ಚರ್ಮಕ್ಕೆ ಸೋಂಕು ತಗುಲಿರಬಹುದು. ಎರಡಕ್ಕೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಮ್ಮ ಕರಾವಳಿಯಲ್ಲಿ ಕಾಲು ಬಾತ ಕೂಡಲೇ ಆನೆಕಾಲು ಅನ್ನುವವರು ಇನ್ನೂ ಇದ್ದಾರೆ. ಅದು ಹೆಚ್ಚಾಗಿ ಒಂದು ಕಾಲಿಗೆ ಜಾಸ್ತಿ ಇರುತ್ತದೆ, ವರ್ಷಗಟ್ಟಲೆ ಉಳಿದು ಚರ್ಮ ದಪ್ಪವಾಗುತ್ತದೆ. ಊಹೆ ಮಾಡುತ್ತಾ ಕೂರುವ ಬದಲು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಸೋಡಿಯಂ, ಪೊಟ್ಯಾಸಿಯಂ, ರಕ್ತದ ಅಲ್ಬುಮಿನ್ ಇಷ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಹೃದಯ ಮತ್ತು ಲಿವರ್ ಕಾಯಿಲೆಯಲ್ಲೂ ಎರಡೂ ಕಾಲು ಬಾಯುತ್ತವೆ. ಹಾಗಾಗಿ ಡಾಕ್ಟರು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದರೆ ಮುಂದೂಡಬೇಡಿ.

ಮಾತ್ರೆಗಳ ಚೀಟಿಯನ್ನೂ ಒಮ್ಮೆ ತೆಗೆದು ನೋಡಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಿಗೆ ಪಾದದ ಗಂಟಿನ ಹತ್ತಿರ ಬಾವು ತರುತ್ತದೆ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ಕಾಲುರಿಗೆ ಕೊಡುವ ಪ್ರಿಗಾಬಲಿನ್ ಕೂಡ ತರುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. "ಈ ಮಾತ್ರೆಯಿಂದ ಬಾತಿರಬಹುದಾ?" ಎಂದು ಡಾಕ್ಟರನ್ನು ಕೇಳಿ, ಸಾಕು.

ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದದ್ದು ನೋವಿನ ಮಾತ್ರೆಗೆ. ಎರಡನೇ ವರ್ಷದ ಮಳೆಗಾಲದಲ್ಲಿ ಆಯಿಗೆ ಮಂಡಿ ನೋವು ಜೋರಾಯಿತು. ಪೇಟೆಗೆ ಹೋದವರ ಹತ್ತಿರ ಹೇಳಿ ಮಾತ್ರೆ ತರಿಸಿದೆವು. ಕಿಡ್ನಿ ಕಾಯಿಲೆ ಇದೆ ಅಂತ ಅಂಗಡಿಯಲ್ಲಿ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕು ದಿನದಲ್ಲಿ ತೂಕ ಎರಡೂವರೆ ಕೆ.ಜಿ. ಏರಿತು, ಮೂತ್ರ ಕಡಿಮೆಯಾಯಿತು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಉಪ್ಪು ನೀರು ಎರಡನ್ನೂ ಒಳಗೆ ನಿಲ್ಲಿಸುತ್ತವೆ. ನೀರು ಇಳಿಸುವ ಮಾತ್ರೆಯ ಶಕ್ತಿಯನ್ನೂ ಕುಂದಿಸುತ್ತವೆ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಯಾವ ಅಂಗಡಿಯೇ ಇರಲಿ, ಬಾಯಿಂದ ಬರುವ ಮೊದಲ ಮಾತು "ಕಿಡ್ನಿ ಪೇಶಂಟ್" ಅಂತ.

ಹಂತ 2: ಬೆರಳಿಟ್ಟು ನೋಡುವುದು

ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ, ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳು ಇಡಿ. ಮಾಂಸದ ಮೇಲಲ್ಲ, ಎಲುಬಿನ ಮೇಲೇ. ಮೆತ್ತಗೆ ಒತ್ತಿ, ಐದು ಹತ್ತು ಸೆಕೆಂಡು ಹಾಗೇ ಹಿಡಿದು, ಬೆರಳು ತೆಗೆಯಿರಿ. ಬರೀ ಕಣ್ಣಲ್ಲಿ ನೋಡಬೇಡಿ. ಒತ್ತಿದ ಜಾಗದ ಮೇಲೆ ಬೆರಳ ತುದಿಯನ್ನು ಸವರಿ. ಸಣ್ಣ ಗುಳಿ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಕಲಸಿಟ್ಟ ಚಪಾತಿ ಹಿಟ್ಟಿಗೆ ಬೆರಳೊತ್ತಿದ ಹಾಗೆ ಇರುತ್ತದೆ ಅದು. ಹೊಳೆಯುವ ಚರ್ಮದ ನಡುವೆ ಒಂದು ಬಟ್ಟಲು. ನಿಧಾನಕ್ಕೆ ತುಂಬಿಕೊಳ್ಳುತ್ತದೆ.

ಸುಮಾರು 2 ಮಿ.ಮೀ. ಗುಳಿ ಬಿದ್ದು ಕೂಡಲೇ ತುಂಬಿದರೆ ಒಂದನೇ ದರ್ಜೆ. 4 ಮಿ.ಮೀ. ಆದರೆ ಎರಡು, 6 ಆದರೆ ಮೂರು. 8 ಮಿ.ಮೀ. ಆಳಕ್ಕೆ ಬಿದ್ದು ನಿಮಿಷಗಟ್ಟಲೆ ಹಾಗೇ ಉಳಿದರೆ ನಾಲ್ಕು. ಅಳತೆಪಟ್ಟಿ ಹಿಡಿಯುವುದೇನೂ ಬೇಡ. ನಿನ್ನೆಗಿಂತ ಇವತ್ತು ಹೇಗೆ, ಪಾದದಲ್ಲಿ ಮಾತ್ರವಾ, ಮಂಡಿಯ ತನಕ ಏರಿದೆಯಾ, ತೊಡೆಗೂ ಬಂತಾ ಎಂಬುದು ಮುಖ್ಯ. ಒಬ್ಬರೇ ದಿನಾ ನೋಡಿದರೆ ಒಳ್ಳೆಯದು. ಕೈ ಬದಲಾದರೆ ಅಂದಾಜೂ ಬದಲಾಗುತ್ತದೆ.

ಹಾಸಿಗೆ ಹಿಡಿದವರಿಗೆ ಕಾಲು ನೋಡಿ ಮೋಸ ಹೋಗಬೇಡಿ. ನೀರು ಇಳಿಜಾರಿಗೆ ಹರಿಯುತ್ತದೆ ಅಲ್ವಾ? ಮಲಗಿಯೇ ಇರುವವರಲ್ಲಿ ಅದು ಸೊಂಟದ ಹಿಂದೆ, ತೊಡೆಯ ಅಡಿಗೆ ಸೇರುತ್ತದೆ. ಮಗ್ಗುಲು ಮಾಡಿ ಅಲ್ಲಿ ಒತ್ತಿ ನೋಡಬೇಕು. ಓಡಾಡುವವರಲ್ಲಿ ಬೇರೆ ಗುರುತುಗಳೂ ಇವೆ. ಬಳೆ ಏರುವುದಿಲ್ಲ. ಉಂಗುರ ಬಿಗಿಯಾಗುತ್ತದೆ. ಆಯಿ ಒಂದು ದಿನ "ಚಪ್ಲಿ ಬಿಗಿ ಆಗ್ತು" ಅಂತ ಬರಿಗಾಲಲ್ಲೇ ತೋಟಕ್ಕೆ ಹೊರಟಿದ್ದಳು. ಚಪ್ಪಲಿ ಹಳೆಯದು, ಮೊದಲು ಸಡಿಲ ಇತ್ತು. ಅದೇ ಸುದ್ದಿ.

ಹಂತ 3: ತೂಕದ ಪುಸ್ತಕ

ಕಾಸು ಖರ್ಚು ಮಾಡುವುದಾದರೆ ಮೊದಲು ಡಿಜಿಟಲ್ ತೂಕದ ಯಂತ್ರಕ್ಕೆ ಮಾಡಿ. 100 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು ಬೇಕು. ಅದನ್ನು ಗಟ್ಟಿ ನೆಲದ ಮೇಲೆ ಇಡಿ. ಚಾಪೆ, ಸಗಣಿ ಸಾರಿಸಿದ ನೆಲ, ತಗ್ಗು ಉಬ್ಬು ಇರುವ ಜಾಗ ಬೇಡ. ಒಮ್ಮೆ ಇಟ್ಟ ಜಾಗದಿಂದ ಕದಲಿಸಬೇಡಿ.

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮೊದಲು ತೂಕ ನೋಡಬೇಕು. ಉಡುಪು ದಿನಾ ಒಂದೇ ಥರದ್ದು ಇರಲಿ. ಒಂದು ದಿನ ನೈಟಿ, ಇನ್ನೊಂದು ದಿನ ಒದ್ದೆ ಸೆರಗಿನ ಸೀರೆ ಆದರೆ ಲೆಕ್ಕವೇ ತಪ್ಪುತ್ತದೆ. ನಮ್ಮ ಪುಸ್ತಕದ ಒಂದು ವಾರ ಹೀಗಿತ್ತು:

ಸೋಮವಾರ 52.4. ಬಾವು ಪಾದಕ್ಕೆ ಮಾತ್ರ.
ಮಂಗಳವಾರ 52.5. ಹಾಗೇ.
ಬುಧವಾರ 52.9. ಚೌತಿ ಹಬ್ಬ. ಚಕ್ಕುಲಿ, ಹಪ್ಪಳ ತಿಂದಳು.
ಗುರುವಾರ 53.8. ಬಾವು ಅಷ್ಟೇ, ಏನೂ ಗೊತ್ತಾಗುವುದಿಲ್ಲ.
ಶುಕ್ರವಾರ 54.6. ಮಂಡಿಯ ತನಕ ಬಂತು. ಡಾಕ್ಟರಿಗೆ ಫೋನ್.

ಗುರುವಾರದ ಸಾಲು ನೋಡಿ. ಕಾಲು ಏನೂ ಹೇಳಲಿಲ್ಲ, ಯಂತ್ರ ಒಂದು ದಿನ ಮೊದಲೇ ಹೇಳಿತ್ತು. ಅವತ್ತೇ ಫೋನ್ ಮಾಡಬೇಕಿತ್ತು, ನಾವು ಮಾಡಲಿಲ್ಲ. ಒಂದೆರಡು ದಿನದಲ್ಲಿ ಏರುವ ತೂಕ ಕೊಬ್ಬಿನದ್ದಲ್ಲ, ನೀರಿನದ್ದೇ. ಒಂದು ಕೆ.ಜಿ. ಏರಿದರೆ ಒಂದು ಲೀಟರ್ ಅಂತ ಲೆಕ್ಕ. ಒಂದು ದಿನದಲ್ಲಿ ಒಂದು ಕೆ.ಜಿ.ಯಷ್ಟು ಇಲ್ಲವೇ ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಡಾಕ್ಟರಿಗೆ ತಿಳಿಸಬೇಕು. ಅವರು ನಿಮಗೆ ಬೇರೆ ಮಿತಿ ಹೇಳಿದ್ದರೆ ಅದನ್ನೇ ಹಿಡಿಯಿರಿ.

ತೂಕ ಒಂದೇ ಸಮನೆ ಇಳಿಯುವುದೂ ಒಳ್ಳೆಯದಲ್ಲ. ಎದ್ದು ನಿಂತರೆ ತಲೆ ತಿರುಗುವುದು, ಕಾಲು ಸೆಳೆಯುವುದು, ಬಿಪಿ ಕಡಿಮೆ ಬರುವುದು ಇದ್ದರೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಹೋಗಿದೆ ಎಂದರ್ಥ. ಅದನ್ನೂ ತಿಳಿಸಿ. ಬಿಪಿ ಯಂತ್ರ ಇದ್ದರೆ ಅದೇ ಪುಟದಲ್ಲಿ ಬಿಪಿಯನ್ನೂ ಬರೆಯಿರಿ.

ಹಂತ 4: ಉಪ್ಪು

ಇದು ಎಲ್ಲಕ್ಕಿಂತ ದೊಡ್ಡ ಹಂತ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದೂ ಹೌದು. ಗೋಕರ್ಣದ ಹತ್ತಿರ ಸಾಣಿಕಟ್ಟದಲ್ಲಿ ಉಪ್ಪು ಬೆಳೆಯುವ ಊರಿನವರು ನಾವು. ಉಪ್ಪಿನಲ್ಲಿ ಹಾಕಿಟ್ಟು ಉಳಿಸಿಕೊಳ್ಳುವುದೇ ನಮ್ಮ ಮಳೆಗಾಲದ ಅಡುಗೆ.

ಕಿಡ್ನಿ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು. ಅಂದರೆ 2 ಗ್ರಾಂ ಸೋಡಿಯಂ. ಇದು ಅಡುಗೆಗೆ ಹಾಕುವುದು ಮಾತ್ರ ಅಲ್ಲ. ಬಿಸ್ಕಿಟು, ಬ್ರೆಡ್ಡು, ಹಪ್ಪಳ, ಎಲ್ಲ ಸೇರಿ. ನಮ್ಮ ಡಯಟೀಶಿಯನ್ ಬೇರೆ ಕಡೆಯಿಂದ ಬರುವುದನ್ನು ಕಳೆದು, ಅಡುಗೆಗೆ 3 ಗ್ರಾಂ ಅಂತ ಗೊತ್ತು ಮಾಡಿದರು.

ಕೈಯಳತೆಯಲ್ಲಿ ಉಪ್ಪು ಹಾಕಿ ರೂಢಿಯಾದವರಿಗೆ ಗ್ರಾಂ ಲೆಕ್ಕ ಆಗುವುದಿಲ್ಲ. ನಾವು ಕಂಡುಕೊಂಡ ದಾರಿ ಇದು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಬೆಳಿಗ್ಗೆಯೇ 3 ಗ್ರಾಂ ತೂಗಿ ಒಂದು ಕುಂಕುಮದ ಡಬ್ಬಿಯಂಥ ಪುಟ್ಟ ಡಬ್ಬಿಗೆ ಹಾಕಿಡುವುದು. ಆಯಿಯ ಪಾಲಿನ ಪಲ್ಯ, ಸಾರನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದು, ಅವಳ ಡಬ್ಬಿಯಿಂದಲೇ ಉದುರಿಸುವುದು. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ಚಮಚದ ಅಳತೆ ನಂಬಬೇಡಿ. ಪುಡಿ ಉಪ್ಪು, ಹರಳುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ.

ಉಪ್ಪು ಬೇಯುವಾಗ ಹಾಕಿದರೆ ಒಳಗೆ ಸೇರಿ ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ತಟ್ಟೆಗೆ ಬಡಿಸಿದ ಮೇಲೆ ಮೇಲಿಂದ ಉದುರಿಸಿದರೆ ಸ್ವಲ್ಪವೇ ಸಾಕಾಗುತ್ತದೆ. ಎಲ್ಲ ಪದಾರ್ಥಕ್ಕೂ ಚೂರು ಚೂರು ಹಾಕುವ ಬದಲು ಒಂದಕ್ಕೇ ಸರಿಯಾಗಿ ಹಾಕಿ, ಉಳಿದದ್ದು ಸಪ್ಪೆ ಬಿಟ್ಟರೆ ಊಟ ಸೇರುತ್ತದೆ. ನಿಂಬೆ, ಜೀರಿಗೆ, ಇಂಗು, ಬೆಳ್ಳುಳ್ಳಿ ಒಗ್ಗರಣೆ, ಸೂಜಿಮೆಣಸು, ಕಾಳುಮೆಣಸು ಇವೆಲ್ಲ ನಮ್ಮ ಸ್ನೇಹಿತರು. ಮುರುಗಲು ಸಿಪ್ಪೆ ಆಗಬಹುದು, ಆದರೆ ಉಪ್ಪು ಹಾಕದೆ ಒಣಗಿಸಿದ್ದೇ ಬೇಕು. ಪೇಟೆಯಲ್ಲಿ ಸಿಗುವುದಕ್ಕೆ ಉಪ್ಪು ಸವರಿರುತ್ತಾರೆ, ಕೇಳಿ ತನ್ನಿ. ಮೊದಲ ಎರಡು ವಾರ ಆಯಿ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ ನಾವು ತಿನ್ನುವ ಸಾರು ಅವಳಿಗೆ ಉಪ್ಪು ಜಾಸ್ತಿ ಅನ್ನಿಸುತ್ತಿತ್ತು. ನಾಲಿಗೆ ಕಲಿಯುತ್ತದೆ, ಅಲ್ಲಿಯ ತನಕ ಮನೆಯವರು ತಾಳಬೇಕು.

ಈಗ ಬಿಡಬೇಕಾದವು. ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಉಪ್ಪು ಕಳಲೆ, ಬಾಳಕದ ಮೆಣಸು, ಸಂಡಿಗೆ, ಹಲಸಿನ ಹಪ್ಪಳ. ಸೊಳೆಯನ್ನು ನಾಲ್ಕು ನೀರಲ್ಲಿ ತೊಳೆದರೆ ಉಪ್ಪು ಹೋಗುತ್ತದಲ್ಲ ಎಂದು ಶಿರಸಿಯ ಅತ್ತೆ ಕೇಳಿದ್ದರು. ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಎಷ್ಟು ಉಳಿಯಿತು ಎಂದು ಅಳೆಯಲೂ ಆಗುವುದಿಲ್ಲ. ಮೀನು ತಿನ್ನುವವರಿಗೆ ಒಣಮೀನು, ಒಣ ಸಿಗಡಿಗೂ ಇದೇ ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುವಾಗ ಕಾರವಾರ, ಅಂಕೋಲಾ ಕಡೆ ತಾಜಾ ಮೀನು ಕಡಿಮೆ, ದುಬಾರಿ. ಗಂಜಿಗೆ ಒಣಮೀನು ಸುಟ್ಟುಕೊಳ್ಳುವುದು ಆಗಲೇ. ಕಾರವಾರದ ಬೈತಖೋಲದಲ್ಲಿರುವ ನನ್ನ ಗೆಳತಿಯ ಮಾವನಿಗೂ ಕಿಡ್ನಿ ಕಾಯಿಲೆ. ಎರಡು ವರ್ಷವೂ ಅವರ ಬಾವು ಏರಿದ್ದು ಜುಲೈಯಲ್ಲೇ. ಆ ಎರಡು ತಿಂಗಳಿಗೆ ಮೊಟ್ಟೆಯ ಬಿಳಿ, ಹೊಳೆ ಮೀನು ಏನಾದರೂ ಮೊದಲೇ ಯೋಚಿಸಿ ಇಟ್ಟುಕೊಳ್ಳಿ. ಪ್ರೋಟೀನ್ ಎಷ್ಟು ಎಂಬುದನ್ನು ಮಾತ್ರ ಡಯಟೀಶಿಯನ್ನರ ಹತ್ತಿರ ಕೇಳಿ. ಡಯಾಲಿಸಿಸ್ ಮಾಡಿಸುವವರಿಗೂ ಮಾಡಿಸದವರಿಗೂ ಲೆಕ್ಕ ಬೇರೆ.

ಸೈಂಧವ ಲವಣ, ಪಿಂಕ್ ಸಾಲ್ಟ್, ಕಲ್ಲುಪ್ಪು, ಸಾಣಿಕಟ್ಟ ಉಪ್ಪು ಎಲ್ಲದರಲ್ಲೂ ಸೋಡಿಯಂ ಇದ್ದೇ ಇದೆ. ಕಿಡ್ನಿಗೆ ಅವುಗಳಲ್ಲಿ ಭೇದವಿಲ್ಲ. "ಲೋ ಸೋಡಿಯಂ" ಅಂತ ಬರೆದ ಉಪ್ಪು ಇನ್ನೂ ಅಪಾಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಪೊಟ್ಯಾಸಿಯಂ ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಗ್ಯಾಸಿಗೆ ಅಂತ ನೀರಿನಲ್ಲಿ ಬುಸ್ಸೆನ್ನಿಸಿ ಕುಡಿಯುವ ಪುಡಿಯಲ್ಲೂ ಸೋಡಿಯಂ ಇದೆ. ಆದರೆ ಡಾಕ್ಟರೇ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಬರೆದಿದ್ದರೆ ಅದನ್ನು ಬಿಡಬೇಡಿ. ಅದು ರಕ್ತದ ಆಮ್ಲ ತಗ್ಗಿಸಲು ಕೊಟ್ಟದ್ದು.

ಹಂತ 5: ನೀರಿನ ಲೆಕ್ಕ

ಕಿಡ್ನಿ ಕಾಯಿಲೆ ಬಂದವರೆಲ್ಲ ನೀರು ಕಡಿಮೆ ಕುಡಿಯಬೇಕು ಎಂಬುದು ಸುಳ್ಳು. ಮೂತ್ರ ಚೆನ್ನಾಗಿ ಹೋಗುತ್ತಿದ್ದು, ಬಾವಿಲ್ಲದವರಿಗೆ ಮಿತಿ ಬೇಕಾಗುವುದೇ ಇಲ್ಲ. ಬಾವು ಜಾಸ್ತಿ ಇದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಡಯಾಲಿಸಿಸ್ ಶುರುವಾಗಿದ್ದರೆ ಡಾಕ್ಟರು ಮಿತಿ ಹೇಳುತ್ತಾರೆ. ಸಾಮಾನ್ಯ ಲೆಕ್ಕ ಹೀಗೆ. ಒಂದು ದಿನದಲ್ಲಿ ಹೋದ ಮೂತ್ರ, ಅದಕ್ಕೆ 500 ಮಿ.ಲೀ. ಸೇರಿಸಿದ್ದು. ದಿನಕ್ಕೆ 400 ಮಿ.ಲೀ. ಮೂತ್ರ ಹೋಗುವವರಿಗೆ ಎಲ್ಲ ಸೇರಿ 900 ಮಿ.ಲೀ.

ಮೂತ್ರ ಅಳೆಯಲು ಗೆರೆ ಇರುವ ಪ್ಲಾಸ್ಟಿಕ್ ಜಗ್ಗು ಬಚ್ಚಲಲ್ಲಿ ಇಡಿ. ಬೆಳಿಗ್ಗೆ ಆರಕ್ಕೆ ಹೋದ ಮೊದಲ ಮೂತ್ರ ಚೆಲ್ಲಿ. ಅಲ್ಲಿಂದ ಮರುದಿನ ಆರರ ತನಕ ಹೋದದ್ದೆಲ್ಲ ಅಳೆದು ಬರೆಯಿರಿ. ಮರುದಿನ ಆರರದ್ದೂ ಲೆಕ್ಕಕ್ಕೆ ಸೇರಬೇಕು. ವಾರಕ್ಕೊಮ್ಮೆ ಹೀಗೆ ಮಾಡಿದರೆ ಸಾಕು.

ಕುಡಿಯುವುದನ್ನು ಅಳೆಯಲು ಒಂದು ಬಾಟಲಿ ಉಪಾಯ ಇದೆ. ದಿನದ ಪಾಲು 900 ಮಿ.ಲೀ. ಆದರೆ ಬೆಳಿಗ್ಗೆ ಅಷ್ಟು ನೀರನ್ನು ಬಾಟಲಿಗೆ ತುಂಬಿಡಿ. ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ. ಸಾರು, ತಂಬುಳಿ, ಮಜ್ಜಿಗೆ, ಅಪ್ಪೆಹುಳಿ, ಗಂಜಿಯ ತಿಳಿ ಎಲ್ಲಕ್ಕೂ ಹಾಗೇ. ಸಂಜೆ ಬಾಟಲಿಯಲ್ಲಿ ಎಷ್ಟಿದೆಯೋ ಅಷ್ಟೇ ಉಳಿದದ್ದು. ರೋಗಿಯೇ ಕಣ್ಣಾರೆ ನೋಡುವುದರಿಂದ ಜಗಳ ಇರುವುದಿಲ್ಲ. ಮೊದಲು ನಿಮ್ಮ ಮನೆಯ ಲೋಟಗಳನ್ನು ಅಳೆಯಿರಿ. ನಾವು 150 ಅಂದುಕೊಂಡಿದ್ದ ಸ್ಟೀಲ್ ಲೋಟಕ್ಕೆ 220 ಮಿ.ಲೀ. ಹಿಡಿಯುತ್ತಿತ್ತು.

ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆ ಗೊತ್ತಲ್ಲ. ಬಾಯಾರಿಕೆಗೆ ನೀರು ಮುಕ್ಕಳಿಸಿ ಉಗುಳಬಹುದು. ಸಣ್ಣ ಐಸ್ ತುಂಡು ಚೀಪಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಲಕ್ಕಿ ಬಾಯಲ್ಲಿಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಬಾಯಾರಿಕೆ ನಿಲ್ಲುವುದೇ ಇಲ್ಲ, ಅದನ್ನು ನೋಡಿಸಿ.

ಎಳನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ರೋಗಿಯನ್ನು ನೋಡಲು ಬರುವವರು ಬರಿಗೈಲಿ ಬರುವುದಿಲ್ಲ. ಸ್ವಂತ ಮರದ ಎಳನೀರು ಕೊಯ್ಸಿ ತರುತ್ತಾರೆ. ಅಕ್ಕರೆಯಿಂದಲೇ ತರುವುದು. ಆದರೆ ಒಂದು ಎಳನೀರಿನಲ್ಲಿ 300 ಮಿ.ಲೀ. ನೀರಿದ್ದರೆ 500 ಮಿ.ಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಡಾಕ್ಟರು ಒಪ್ಪದೆ ಕೊಡಬೇಡಿ. ಬಾಳೆದಿಂಡಿನ ರಸಕ್ಕೂ ಅದೇ. ದಾರೆಹುಳಿ, ಬಿಂಬುಳಿ ರಸವಂತೂ ಬೇಡವೇ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಉಳಿದ ಕಿಡ್ನಿಯನ್ನೂ ಕೆಡಿಸುತ್ತದೆ. ದಾರೆಹುಳಿ ಕಿಡ್ನಿ ರೋಗಿಗಳ ಮೆದುಳಿಗೂ ವಿಷವಾಗುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು. ಬಾವು ಇಳಿಸುವ ನಾಟಿ ಔಷಧ, ಭಸ್ಮ ಯಾರಾದರೂ ಹೇಳಿದರೆ ಕಿಡ್ನಿ ಡಾಕ್ಟರಿಗೆ ತೋರಿಸಿಯೇ ಮುಂದುವರಿಯಿರಿ.

ಹಂತ 6: ನೀರು ಇಳಿಸುವ ಮಾತ್ರೆ

ಫ್ಯುರೋಸೆಮೈಡ್, ಟಾರ್ಸೆಮೈಡ್ ಎಂಬ ಮಾತ್ರೆಗಳು ಕಿಡ್ನಿಯಿಂದ ಉಪ್ಪನ್ನು ಹೊರಗೆ ದೂಡುತ್ತವೆ. ನೀರು ಅದರ ಹಿಂದೆ ಹೋಗುತ್ತದೆ. ಅದಕ್ಕೇ ಉಪ್ಪು ತಿನ್ನುತ್ತಾ ಮಾತ್ರೆ ನುಂಗಿದರೆ ಒಂದು ಕೈಯಲ್ಲಿ ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ. ಬೆಳಿಗ್ಗೆ ಕೊಡಿ. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಕೊಡಬಹುದಾ ಕೇಳಿ. ರಾತ್ರಿ ಕೊಟ್ಟರೆ ನಾಲ್ಕು ಸಲ ಏಳಬೇಕು, ಕತ್ತಲಲ್ಲಿ ಬೀಳುವ ಅಪಾಯ.

ನಮ್ಮ ಕಡೆಯವರು ದೊಡ್ಡ ಡಾಕ್ಟರಿಗೆ ಅಂತ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಹೋಗುತ್ತೇವೆ. ದೇವಿಮನೆ ಘಟ್ಟದಲ್ಲಿ ಬಸ್ ನಿಲ್ಲಿಸಿ ಎನ್ನಲು ಹೆಂಗಸರಿಗೆ ನಾಚಿಕೆ. ಹಾಗಾಗಿ ಹೊರಡುವ ದಿನ ಮಾತ್ರೆಯನ್ನೇ ಬಿಡುತ್ತಾರೆ. ಆಯಿಯೂ ಬಿಟ್ಟಿದ್ದಳು, ನಮಗೆ ಹೇಳಿರಲಿಲ್ಲ. ಕಾಲು ಇಳಿಬಿಟ್ಟು ಐದಾರು ತಾಸು ಕೂತದ್ದೂ ಸೇರಿ ಆಸ್ಪತ್ರೆ ಮುಟ್ಟುವಾಗ ಪಾದ ಚಪ್ಪಲಿಗೆ ಹೋಗಲಿಲ್ಲ. ಪ್ರಯಾಣದ ದಿನ ಮಾತ್ರೆಯ ಹೊತ್ತನ್ನು ಹಿಂದೆ ಮುಂದೆ ಮಾಡಬಹುದಾ ಎಂದು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ವಾಂತಿ, ಭೇದಿ ಶುರುವಾದರೆ, ಊಟ ನೀರು ಸೇರದಿದ್ದರೆ ಅವತ್ತೇ ಫೋನ್ ಮಾಡಿ. ಮಾತ್ರೆ ನಿಲ್ಲಿಸಬೇಕಾ ಎಂದು ಅವರೇ ಹೇಳುತ್ತಾರೆ. ಮಾತ್ರೆ ತಿಂದರೂ ಮೂತ್ರ ಬರುತ್ತಿಲ್ಲ ಅನ್ನಿಸಿದರೆ ನೀವೇ ಎರಡು ಮಾಡಬೇಡಿ.

ಹಂತ 7: ಬಾತ ಕಾಲಿನ ಆರೈಕೆ

ದಿನಕ್ಕೆ ಎರಡು ಮೂರು ಸಲ, ಅರ್ಧ ಗಂಟೆ, ಮಲಗಿ ಕಾಲಡಿಗೆ ದಿಂಬು ಇಟ್ಟು ಎದೆಯ ಮಟ್ಟಕ್ಕಿಂತ ಮೇಲೆ ಇರಿಸಿ. ಮಲಗಿದರೆ ಉಸಿರು ಕಟ್ಟುವವರಿಗೆ ಇದು ಬೇಡ. ಕೂತಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಬಿಗಿ ಸಾಕ್ಸನ್ನು ಡಾಕ್ಟರು ಕಾಲಿನ ರಕ್ತದ ಓಟ ನೋಡಿದ ಮೇಲೆಯೇ ಹಾಕಿ, ಸಕ್ಕರೆ ಕಾಯಿಲೆ ಇದ್ದರಂತೂ ಮೊದಲು ಕೇಳಲೇಬೇಕು.

ಬಾತ ಚರ್ಮ ತೆಳ್ಳಗೆ ಹಿಗ್ಗಿರುತ್ತದೆ. ಒಂದು ಗೀರು ಬಿದ್ದರೂ ನೀರು ಜಿನುಗುತ್ತದೆ, ಬೇಗ ಮಾಯುವುದಿಲ್ಲ. ರಾತ್ರಿ ಕಾಲು ತೊಳೆದು, ಒರೆಸಿ, ತೆಂಗಿನೆಣ್ಣೆ ಸವರಿ. ಬೆರಳ ಸಂದಿಗೆ ಎಣ್ಣೆ ಬೇಡ, ಅಲ್ಲಿ ಒಣಗಿರಬೇಕು. ಮಳೆಗಾಲದಲ್ಲಿ ಸಂದಿ ಬೆಳ್ಳಗಾಗಿ ಕೊಳೆಯುವುದು ನಮ್ಮಲ್ಲಿ ಮಾಮೂಲು. ಸೋಂಕು ಒಳಗೆ ಹೋಗುವುದು ಅಲ್ಲಿಂದಲೇ. ಬರಿಗಾಲಲ್ಲಿ ತೋಟಕ್ಕೆ ಬಿಡಬೇಡಿ. ಶಿರಸಿ, ಸಿದ್ದಾಪುರ ಕಡೆಯವರಿಗೆ ಉಂಬಳದ (ಜಿಗಣೆಯ) ಕಾಟ ಬೇರೆ. ಉಂಬಳ ಹತ್ತಿದರೆ ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಗಾಯ ಸೋಪು ನೀರಲ್ಲಿ ತೊಳೆದು ಒತ್ತಿ ಹಿಡಿಯಿರಿ.

ಡಯಾಲಿಸಿಸ್ ಶುರುವಾದ ಮೇಲೆ

ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಅಲ್ಲಿ ಮೊದಲು ಕೇಳುವ ಮಾತು "ಡ್ರೈ ವೇಟ್". ಬಾವಿಲ್ಲದೆ, ಬಿಪಿ ಸರಿಯಾಗಿ, ಉಸಿರಾಟ ಹಗುರವಾಗಿ ಇರುವಾಗಿನ ತೂಕ ಅದು. ಎರಡು ಡಯಾಲಿಸಿಸ್ ನಡುವೆ ಸೇರಿದ ನೀರನ್ನು ಯಂತ್ರ ತೆಗೆಯುತ್ತದೆ, ಆದರೆ ಎಷ್ಟು ಬೇಕಾದರೂ ತೆಗೆಯಲು ಆಗುವುದಿಲ್ಲ. ಗಂಟೆಗೆ, ತೂಕದ ಪ್ರತಿ ಕೆ.ಜಿ.ಗೆ 13 ಮಿ.ಲೀ. ದಾಟಿಸಬಾರದು ಎಂಬ ಲೆಕ್ಕವಿದೆ. 50 ಕೆ.ಜಿ. ಇರುವವರಿಗೆ ನಾಲ್ಕು ತಾಸಿಗೆ 2.6 ಲೀಟರ್. ನಾಲ್ಕು ಲೀಟರ್ ಏರಿಸಿಕೊಂಡು ಹೋದರೆ ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ, ಹೃದಯಕ್ಕೂ ಪೆಟ್ಟು. ಊಟ ಸೇರಿ ನಿಜವಾಗಿ ದಪ್ಪಗಾದರೆ, ಇಲ್ಲ ಸೊರಗಿದರೆ ಡ್ರೈ ವೇಟ್ ಬದಲಾಗುತ್ತದೆ. ತಿಂಗಳಿಗೊಮ್ಮೆ ನೆನಪಿಸಿ ಕೇಳಿ.

ತಡ ಮಾಡಬಾರದ ಹೊತ್ತು

ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಎರಡು ದಿಂಬು ಸಾಕಾಗದೆ ಮೂರು ಕೇಳುವುದು. ನಡುರಾತ್ರಿ ಏದುಸಿರು ಬಂದು ಎಚ್ಚರವಾಗುವುದು. ನೊರೆ ನೊರೆ ಕಫ, ಅದರಲ್ಲಿ ತಿಳಿ ಗುಲಾಬಿ ಬಣ್ಣ. ಎದೆ ನೋವು. ಮೂತ್ರ ಪೂರ್ತಿ ನಿಲ್ಲುವುದು. ಮಂಪರು, ತಡವರಿಸುವ ಮಾತು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನೀರು ಪುಪ್ಪುಸಕ್ಕೆ ಏರಿರಬಹುದು. ಉಸಿರು ಕಟ್ಟುತ್ತಿರುವವರನ್ನು ಆಂಬುಲೆನ್ಸ್ ಬರುವ ತನಕ ಮಲಗಿಸಬೇಡಿ. ಮಂಚದ ಅಂಚಿಗೆ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿಸಿ, ಕಿಟಕಿ ತೆರೆಯಿರಿ. ಕುಡಿಯಲು ಏನೂ ಕೊಡಬೇಡಿ.

ಘಟ್ಟದ ಒಳಗಿನ ಮನೆಗಳಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಇರುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಅಂಗಳದಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ರಾತ್ರಿ ಹನ್ನೆರಡಕ್ಕೂ ಬರುವ ಜೀಪಿನವರ ನಂಬರು ಬರೆದಿಡಿ. ನಮ್ಮ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿದ್ದೇವೆ. ಅದರಲ್ಲಿ ತೂಕದ ಪುಸ್ತಕ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಕೊನೆಯ ರಕ್ತ ಪರೀಕ್ಷೆಯ ಕಾಗದ, ಆಧಾರ್ ಮತ್ತು ಆಯುಷ್ಮಾನ್ ಕಾರ್ಡು, ಒಂದು ಟಾರ್ಚು ಇವೆ. ಬೆಳಿಗ್ಗೆ ತೂಕ ಬರೆದ ಮೇಲೆ ಪುಸ್ತಕ ಮತ್ತೆ ಆ ಚೀಲಕ್ಕೇ ಹೋಗುತ್ತದೆ.